ಪಾಕಿಸ್ತಾನದ ಕ್ರೈಸ್ತರು: ಕಾನೂನು, ಕಷ್ಟ ಮತ್ತು ವಿಶ್ವಾಸದ ಸಾಕ್ಷ್ಯ

ಪಾಕಿಸ್ತಾನದಲ್ಲಿ ಚರ್ಚಿನ ಮೇಲೆ ದಾಳಿಯಾದ ಸುದ್ದಿ ಬಂದಾಗಲೆಲ್ಲ ನಮ್ಮ ಧರ್ಮಕೇಂದ್ರಗಳ ಭಾನುವಾರದ ಪ್ರಾರ್ಥನೆಗಳಲ್ಲಿ ಒಂದು ವಾಕ್ಯ ಹೆಚ್ಚುವರಿಯಾಗಿ ಸೇರುತ್ತದೆ. ಒಂದೆರಡು ವಾರ ಕಳೆದ ಮೇಲೆ ಅದು ಮರೆತುಹೋಗುತ್ತದೆ. ಅಲ್ಲಿನ ಕ್ರೈಸ್ತರು ಯಾರು, ಯಾವ ಕಾನೂನಿನಿಂದ ಅವರಿಗೆ ತೊಂದರೆಯಾಗಿದೆ, ಅವರ ಪರವಾಗಿ ನಿಂತವರು ಯಾರು ಎಂಬ ವಿವರ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ವಾಳೆಯ ಸಭೆ, ಧರ್ಮೋಪದೇಶ ತರಗತಿ ಹಾಗೂ ಯುವಜನರ ಕೂಟಗಳಲ್ಲಿ ಉಪಯೋಗಕ್ಕೆ ಬರಲಿ ಎಂಬ ಉದ್ದೇಶದಿಂದ ಮುಖ್ಯ ಸಂಗತಿಗಳನ್ನು ಇಲ್ಲಿ ಒಂದೆಡೆ ನೀಡುತ್ತಿದ್ದೇವೆ.

ಒಂದು ಮಾತನ್ನು ಆರಂಭದಲ್ಲೇ ಸ್ಪಷ್ಟಪಡಿಸಬೇಕು. ಪಾಕಿಸ್ತಾನದಲ್ಲಿ ಕ್ರೈಸ್ತರಾಗಿ ಬಾಳುವುದು ಅಪರಾಧವಲ್ಲ. ಅಲ್ಲಿ ಚರ್ಚುಗಳಿವೆ, ಗುರುಮಠಗಳಿವೆ, ಬಲಿಪೂಜೆ ಬಹಿರಂಗವಾಗಿ ನಡೆಯುತ್ತದೆ, ಕ್ರಿಸ್‌ಮಸ್ ಹಬ್ಬವನ್ನೂ ಆಚರಿಸುತ್ತಾರೆ. ಆದರೆ ಯಾರಾದರೊಬ್ಬರು ಮಾಡುವ ಒಂದು ಆರೋಪ, ಅದು ಸುಳ್ಳೇ ಆಗಿದ್ದರೂ, ಒಬ್ಬ ವ್ಯಕ್ತಿಯನ್ನು ಗಲ್ಲುಶಿಕ್ಷೆಯ ಬಾಗಿಲಿಗೆ ಒಯ್ಯಬಲ್ಲದು. ಇಡೀ ಕೇರಿಯನ್ನು ಬೆಂಕಿಗೆ ಆಹುತಿ ಮಾಡಬಲ್ಲದು. ಅಲ್ಲಿನ ಕ್ರೈಸ್ತರ ಭಯದ ಮೂಲ ಇದೇ ಆಗಿದೆ.

ಸಂಖ್ಯೆ ಮತ್ತು ಹಿನ್ನೆಲೆ

2023ರ ಜನಗಣತಿಯ ಪ್ರಕಾರ ಪಾಕಿಸ್ತಾನದ ಜನಸಂಖ್ಯೆ 24 ಕೋಟಿಗೂ ಅಧಿಕ. ಅವರಲ್ಲಿ ಕ್ರೈಸ್ತರು ಸುಮಾರು 33 ಲಕ್ಷ, ಅಂದರೆ ಶೇಕಡಾ 1.37. ಬಹುಪಾಲು ಜನ ಪಂಜಾಬ್ ಪ್ರಾಂತ್ಯದಲ್ಲಿದ್ದಾರೆ. ಕ್ರೈಸ್ತರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಕಥೋಲಿಕರು. ಉಳಿದವರಲ್ಲಿ 1970ರಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮುಂತಾದ ಸಭೆಗಳು ಒಂದುಗೂಡಿ ರೂಪುಗೊಂಡ ಚರ್ಚ್ ಆಫ್ ಪಾಕಿಸ್ತಾನ್ ಹಾಗೂ ಇತರ ಪ್ರೊಟೆಸ್ಟೆಂಟ್ ಸಭೆಗಳಿಗೆ ಸೇರಿದವರಿದ್ದಾರೆ. ಕರಾಚಿ ಮತ್ತು ಲಾಹೋರ್ ಮಹಾಧರ್ಮಪ್ರಾಂತ್ಯಗಳಾಗಿದ್ದು, ಫೈಸಲಾಬಾದ್, ಮುಲ್ತಾನ್, ಹೈದರಾಬಾದ್ ಮತ್ತು ಇಸ್ಲಾಮಾಬಾದ್-ರಾವಲ್ಪಿಂಡಿ ಧರ್ಮಪ್ರಾಂತ್ಯಗಳಾಗಿವೆ.

ಅಲ್ಲಿನ ಕಥೋಲಿಕರ ಇತಿಹಾಸಕ್ಕೆ ಎರಡು ಕವಲುಗಳಿವೆ. ಮೊದಲನೆಯದು ಪಂಜಾಬಿನದು. 1870ರ ದಶಕದಿಂದ ಸಿಯಾಲ್‌ಕೋಟ್ ಸುತ್ತಮುತ್ತ ಅಸ್ಪೃಶ್ಯರೆಂದು ದೂರವಿರಿಸಲ್ಪಟ್ಟಿದ್ದ ದಲಿತ ಸಮುದಾಯದವರು ದೊಡ್ಡ ಸಂಖ್ಯೆಯಲ್ಲಿ ಕ್ರಿಸ್ತನನ್ನು ಸ್ವೀಕರಿಸಿದರು. ಅವರ ಪೈಕಿ ಅನೇಕರು 'ಮಸೀಹ್' ಎಂಬ ಹೆಸರನ್ನು ಇಟ್ಟುಕೊಂಡರು. ಕಪುಚಿನ್ ಗುರುಗಳು ಭೂಮಿಯಿಲ್ಲದ ಈ ಜನರಿಗಾಗಿ ಮರಿಯಮಾಬಾದ್, ಖುಶ್‌ಪುರ್ ಮುಂತಾದ ಹಳ್ಳಿಗಳನ್ನು ಕಟ್ಟಿದರು. ಎರಡನೆಯ ಕವಲು ನಮ್ಮ ಕೊಂಕಣಿ ಕರಾವಳಿಗೆ ಹತ್ತಿರವಾದುದು. ಸಿಂಧ್ 1936ರವರೆಗೆ ಬೊಂಬಾಯಿ ಪ್ರಾಂತ್ಯದ ಭಾಗವಾಗಿತ್ತು. ಗೋವಾದ ಕಥೋಲಿಕರು ಬಂದರು, ರೈಲ್ವೆ, ಕಸ್ಟಮ್ಸ್, ಶಾಲೆಗಳಲ್ಲಿ ಕೆಲಸ ಅರಸಿ ಕರಾಚಿಗೆ ಹೋಗಿ ನೆಲೆಸಿದರು. ಭಾರತದ ಪ್ರಥಮ ಕಾರ್ಡಿನಲ್ ವಲೇರಿಯನ್ ಗ್ರೇಶಿಯಸ್ ಹುಟ್ಟಿದ್ದು ಕರಾಚಿಯಲ್ಲಿ, ಗೋವಾ ಮೂಲದ ಹೆತ್ತವರಿಗೆ. ಪಾಕಿಸ್ತಾನದ ಪ್ರಥಮ ಕಾರ್ಡಿನಲ್ ಜೋಸೆಫ್ ಕೊರ್ಡೆರೊ ಹುಟ್ಟಿದ್ದು ಬೊಂಬಾಯಿಯಲ್ಲಿ. 2018ರಲ್ಲಿ ಕಾರ್ಡಿನಲ್ ಆದ ಕರಾಚಿಯ ಜೋಸೆಫ್ ಕೂಟ್ಸ್ ಅವರ ಮನೆತನವೂ ಗೋವಾ ಮೂಲದ್ದೇ. ಅಂದ ಮೇಲೆ ಅಲ್ಲಿನ ಧರ್ಮಸಭೆ ನಮಗೆ ಅಪರಿಚಿತವೇನಲ್ಲ.

ದೇಶ ಕಟ್ಟುವಲ್ಲಿ ಪಾಲು

1947ರ ಆಗಸ್ಟ್ 11ರಂದು ಸಂವಿಧಾನ ಸಭೆಯಲ್ಲಿ ಮಾತನಾಡಿದ ಮಹಮ್ಮದ್ ಅಲಿ ಜಿನ್ನಾ, ಪ್ರಜೆಗಳು ತಮ್ಮ ತಮ್ಮ ಆರಾಧನಾಲಯಗಳಿಗೆ ಹೋಗಲು ಸ್ವತಂತ್ರರು, ಯಾರ ಧರ್ಮ ಯಾವುದು ಎಂಬುದಕ್ಕೂ ಸರಕಾರದ ಕೆಲಸಕ್ಕೂ ಸಂಬಂಧವಿಲ್ಲ ಎಂಬ ಆಶಯವನ್ನು ವ್ಯಕ್ತಪಡಿಸಿದ್ದರು. ರಾಷ್ಟ್ರಧ್ವಜದ ಬಿಳಿ ಪಟ್ಟಿ ಅಲ್ಪಸಂಖ್ಯಾತರನ್ನು ಸೂಚಿಸುತ್ತದೆ. ಕಥೋಲಿಕರಾದ ಎ. ಆರ್. ಕಾರ್ನೇಲಿಯಸ್ 1960ರಿಂದ 1968ರವರೆಗೆ ದೇಶದ ಮುಖ್ಯ ನ್ಯಾಯಮೂರ್ತಿಯಾಗಿದ್ದರು. ಕುಷ್ಠರೋಗಿಗಳ ಸೇವೆಗೆ ಜೀವನ ಮುಡಿಪಾಗಿಟ್ಟ ಜರ್ಮನಿಯ ಧರ್ಮಭಗಿನಿ ಡಾ. ರುತ್ ಫೌ 2017ರಲ್ಲಿ ತೀರಿಕೊಂಡಾಗ ಕರಾಚಿಯ ಸಂತ ಪ್ಯಾಟ್ರಿಕ್ ಮಹಾದೇವಾಲಯದಲ್ಲಿ ಸಕಲ ಸರಕಾರಿ ಗೌರವದೊಂದಿಗೆ ಅಂತ್ಯವಿಧಿ ನಡೆಯಿತು. ಕ್ರೈಸ್ತ ಶಾಲೆಗಳಲ್ಲಿ ಕಲಿತವರು ಆ ದೇಶದ ಎಲ್ಲ ಕ್ಷೇತ್ರಗಳಲ್ಲಿಯೂ ಇದ್ದಾರೆ.

ಆದರೆ ಕಾನೂನಿನ ದಿಕ್ಕು ನಿಧಾನವಾಗಿ ಬದಲಾಯಿತು. 1956ರ ಸಂವಿಧಾನ ದೇಶವನ್ನು ಇಸ್ಲಾಮಿಕ್ ಗಣರಾಜ್ಯವೆಂದು ಕರೆಯಿತು. 1973ರ ಸಂವಿಧಾನದ 20ನೇ ವಿಧಿ ಧರ್ಮವನ್ನು ಪಾಲಿಸುವ ಹಾಗೂ ಸಾರುವ ಹಕ್ಕನ್ನು ಕೊಡುತ್ತದಾದರೂ, ಇಸ್ಲಾಂ ರಾಷ್ಟ್ರಧರ್ಮವಾಗಿದ್ದು, ರಾಷ್ಟ್ರಾಧ್ಯಕ್ಷ ಮತ್ತು ಪ್ರಧಾನಮಂತ್ರಿ ಮುಸ್ಲಿಮರೇ ಆಗಿರಬೇಕು. 1972ರಲ್ಲಿ ಭುಟ್ಟೊ ಸರಕಾರ ಖಾಸಗಿ ಶಾಲಾ ಕಾಲೇಜುಗಳನ್ನು ರಾಷ್ಟ್ರೀಕರಣಗೊಳಿಸಿದಾಗ ಕ್ರೈಸ್ತ ಸಭೆಗಳು ಅನೇಕ ಸಂಸ್ಥೆಗಳನ್ನು ಕಳೆದುಕೊಂಡವು. ಬಡ ಕ್ರೈಸ್ತ ಮಕ್ಕಳಿಗೆ ಮೇಲೇರಲು ಇದ್ದ ಏಣಿಯೇ ಹೋದಂತಾಯಿತು. ಕೆಲವು ಸಂಸ್ಥೆಗಳು ಮಾತ್ರ ದಶಕಗಳ ನಂತರ ಮರಳಿ ಬಂದವು. ಲಾಹೋರಿನ ಫಾರ್ಮನ್ ಕ್ರಿಶ್ಚಿಯನ್ ಕಾಲೇಜು ಮರಳಿದ್ದು 2003ರಲ್ಲಿ. 1985ರಿಂದ 2002ರವರೆಗೆ ಪ್ರತ್ಯೇಕ ಮತದಾನ ಪದ್ಧತಿ ಇತ್ತು. ಕ್ರೈಸ್ತರು ಕ್ರೈಸ್ತ ಅಭ್ಯರ್ಥಿಗೆ ಮಾತ್ರ ಮತ ಹಾಕಬೇಕಿತ್ತು. ಊರಿನ ಶಾಸಕನಿಗೆ ಅವರ ಮತ ಬೇಡವಾದ್ದರಿಂದ ಅವರ ಕೇರಿಯ ರಸ್ತೆ, ನೀರಿನ ಚಿಂತೆಯೂ ಬೇಡವಾಯಿತು.

ಧರ್ಮನಿಂದನೆ ಕಾನೂನು

ಈ ಕಾನೂನಿನ ಬೇರು ಬ್ರಿಟಿಷರ ಕಾಲದ್ದು. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಯಾವುದೇ ಧರ್ಮದ ಆರಾಧನಾಲಯಕ್ಕೆ ಹಾನಿ ಮಾಡುವುದನ್ನು ತಡೆಯುವ 295ನೇ ಕಲಂ ಇತ್ತು. ಧಾರ್ಮಿಕ ಭಾವನೆಗಳನ್ನು ದುರುದ್ದೇಶದಿಂದ ಕೆರಳಿಸುವುದರ ವಿರುದ್ಧ 295-ಎ ಕಲಂ 1927ರಲ್ಲಿ ಸೇರಿತು. ದೇಶ ವಿಭಜನೆಯಾದಾಗ ಎರಡೂ ದೇಶಗಳಿಗೆ ಇದೇ ಸಂಹಿತೆ ಬಂತು. ಇವು ಎಲ್ಲ ಧರ್ಮಗಳಿಗೂ ಅನ್ವಯಿಸುತ್ತಿದ್ದವು, ಉದ್ದೇಶವನ್ನು ಸಾಬೀತುಪಡಿಸಬೇಕಿತ್ತು, ಶಿಕ್ಷೆಯೂ ಮಿತವಾಗಿತ್ತು.

ಜನರಲ್ ಜಿಯಾ ಉಲ್ ಹಕ್ ಆಡಳಿತದಲ್ಲಿ ಹೊಸ ಕಲಂಗಳು ಬಂದವು. 1982ರ 295-ಬಿ ಪ್ರಕಾರ ಕುರಾನ್ ಗ್ರಂಥವನ್ನು ಅಪವಿತ್ರಗೊಳಿಸಿದರೆ ಜೀವಾವಧಿ ಶಿಕ್ಷೆ. 1986ರ 295-ಸಿ ಪ್ರಕಾರ ಪ್ರವಾದಿಯವರ ನಿಂದನೆಗೆ ಮರಣದಂಡನೆ ಅಥವಾ ಜೀವಾವಧಿ. 1990ರಲ್ಲಿ ಫೆಡರಲ್ ಶರಿಯತ್ ನ್ಯಾಯಾಲಯವು ಈ ಅಪರಾಧಕ್ಕೆ ಮರಣದಂಡನೆಯೊಂದೇ ಶಿಕ್ಷೆ ಎಂದು ತೀರ್ಪಿತ್ತಿತು.

ಈ 295-ಸಿ ಕಲಮಿನಲ್ಲಿ ನಾವು ಗಮನಿಸಬೇಕಾದ ಅಂಶಗಳು ಹೀಗಿವೆ:

1. ಆರೋಪಿಗೆ ನಿಂದಿಸುವ ಉದ್ದೇಶ ಇತ್ತು ಎಂಬುದು ಕಲಮಿನ ಮಾತುಗಳಲ್ಲಿ ಇಲ್ಲ. ನೇರವಾಗಿ ಅಥವಾ ಪರೋಕ್ಷವಾಗಿ, ಮಾತು, ಬರಹ, ಸೂಚನೆ ಯಾವುದರಿಂದಲಾದರೂ ಅಪರಾಧವಾಗಬಹುದು.

2. ವಿಚಾರಣೆ ನಡೆಸುವ ಸೆಷನ್ಸ್ ನ್ಯಾಯಾಧೀಶರು ಮುಸ್ಲಿಮರಾಗಿರಬೇಕು.

3. ಆರೋಪಿ ಆಡಿದನೆನ್ನಲಾದ ಮಾತನ್ನು ನ್ಯಾಯಾಲಯದಲ್ಲಿ ಮತ್ತೆ ಉಚ್ಚರಿಸಲು ಸಾಕ್ಷಿಗಳೂ ವಕೀಲರೂ ಹೆದರುತ್ತಾರೆ. ಹೀಗಾಗಿ ಆರೋಪವನ್ನು ಪರೀಕ್ಷಿಸುವುದೇ ಕಷ್ಟವಾಗುತ್ತದೆ.

4. ಸುಳ್ಳು ದೂರು ನೀಡಿದವರನ್ನು ಶಿಕ್ಷಿಸಲು ಸಾಮಾನ್ಯ ಕಲಂಗಳಿದ್ದರೂ ಈ ಪ್ರಕರಣಗಳಲ್ಲಿ ಅವನ್ನು ಬಳಸುವುದು ಅಪರೂಪ.

ಹಿರಿಯ ಪೊಲೀಸ್ ಅಧಿಕಾರಿಯೇ ತನಿಖೆ ನಡೆಸಬೇಕೆಂಬ ತಿದ್ದುಪಡಿ 2004ರಲ್ಲಿ ಬಂತು. ಅದರಿಂದ ಆರೋಪಗಳು ನಿಲ್ಲಲಿಲ್ಲ. ಈ ಕಲಮಿನ ಅಡಿಯಲ್ಲಿ ಇದುವರೆಗೆ ಸರಕಾರ ಯಾರನ್ನೂ ಗಲ್ಲಿಗೇರಿಸಿಲ್ಲ ಎಂಬುದು ನಿಜ. ಆದರೆ ವಿಚಾರಣೆಗೆ ಮುನ್ನವೇ, ಜೈಲಿನಲ್ಲಿ, ಅಥವಾ ಬಿಡುಗಡೆಯಾದ ಮೇಲೆ ಹತ್ಯೆಯಾದವರು ಹತ್ತಾರು ಮಂದಿ. ಆರೋಪಿಗಳ ಪೈಕಿ ಸುಮಾರು ಅರ್ಧದಷ್ಟು ಜನ ಮುಸ್ಲಿಮರೇ ಆಗಿದ್ದಾರೆ. ಅಹಮದಿಯರೂ ಬಹಳ ಮಂದಿ ಇದ್ದಾರೆ. ಕ್ರೈಸ್ತರ ಪಾಲು ಅವರ ಜನಸಂಖ್ಯೆಯ ಪಾಲಿಗಿಂತ ಹಲವು ಪಟ್ಟು ಅಧಿಕ. ಜಾಗದ ತಕರಾರು, ಸಾಲದ ಜಗಳ, ಹಳೆಯ ದ್ವೇಷಗಳು ಈ ದೂರುಗಳ ಹಿಂದೆ ಮತ್ತೆ ಮತ್ತೆ ಕಂಡುಬಂದಿವೆ.

ಆಸಿಯಾ ಬೀಬಿ ಪ್ರಕರಣ

ಕಾನೂನು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಈ ಒಂದು ಪ್ರಕರಣ ಸಾಕು. ಆಸಿಯಾ ಬೀಬಿ ಪಂಜಾಬಿನ ಇಟ್ಟಾನ್‌ವಾಲಿ ಎಂಬ ಹಳ್ಳಿಯ ಕಥೋಲಿಕ ಕೂಲಿ ಹೆಂಗಸು. 2009ರ ಜೂನ್ 14ರಂದು ಫಾಲ್ಸಾ ಹಣ್ಣಿನ ತೋಟದಲ್ಲಿ ಹಣ್ಣು ಕೊಯ್ಯುತ್ತಿದ್ದಾಗ ಅವರು ಜೊತೆಯ ಹೆಂಗಸರಿಗೆ ನೀರು ನೀಡಿದರು. ಕ್ರೈಸ್ತಳು ಮುಟ್ಟಿದ ನೀರು ಬೇಡವೆಂದು ಅವರು ನಿರಾಕರಿಸಿದರು. ಮಾತಿಗೆ ಮಾತು ಬೆಳೆಯಿತು. ಐದು ದಿನಗಳ ಬಳಿಕ, ಆ ಮಾತುಗಳನ್ನು ಸ್ವತಃ ಕೇಳಿರದ ಊರಿನ ಇಮಾಮರು ಪೊಲೀಸರಿಗೆ ದೂರು ಕೊಟ್ಟರು.

2010ರ ನವೆಂಬರಿನಲ್ಲಿ ಕೆಳ ನ್ಯಾಯಾಲಯ ಮರಣದಂಡನೆ ವಿಧಿಸಿತು. ಆಗಿನ ಪೋಪ್ 16ನೇ ಬೆನೆಡಿಕ್ಟ್ ಅವರು ಆಕೆಯ ಬಿಡುಗಡೆಗಾಗಿ ಬಹಿರಂಗ ಮನವಿ ಮಾಡಿದರು. 2014ರ ಅಕ್ಟೋಬರಿನಲ್ಲಿ ಲಾಹೋರ್ ಹೈಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು. 2018ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಆಕೆಯನ್ನು ನಿರ್ದೋಷಿ ಎಂದು ಸಾರಿತು. ದೂರು ನೀಡಲು ಆದ ವಿಳಂಬವನ್ನೂ, ಸಾಕ್ಷಿಗಳ ಮಾತಿನಲ್ಲಿದ್ದ ವಿರೋಧಾಭಾಸಗಳನ್ನೂ ತೀರ್ಪು ಎತ್ತಿ ತೋರಿಸಿತು. ನ್ಯಾಯಮೂರ್ತಿ ಆಸಿಫ್ ಸಯೀದ್ ಖೋಸಾ ತಮ್ಮ ಅಭಿಪ್ರಾಯದಲ್ಲಿ, ಸಿನಾಯ್ ಬೆಟ್ಟದ ಕ್ರೈಸ್ತ ಸನ್ಯಾಸಿಗಳಿಗೆ ಪ್ರವಾದಿಯವರು ನೀಡಿದರೆನ್ನಲಾದ ರಕ್ಷಣೆಯ ಭರವಸೆಯನ್ನೂ ನೆನಪಿಸಿದರು. ತೀರ್ಪಿನ ವಿರುದ್ಧ ದೇಶದಾದ್ಯಂತ ರಸ್ತೆ ತಡೆ ನಡೆಯಿತು. 2019ರ ಜನವರಿಯಲ್ಲಿ ಮರುಪರಿಶೀಲನಾ ಅರ್ಜಿಯೂ ವಜಾ ಆದ ಮೇಲೆ, ಮೇ ತಿಂಗಳಲ್ಲಿ ಆಸಿಯಾ ಕೆನಡಾಕ್ಕೆ ತೆರಳಿದರು. ನಿರ್ದೋಷಿಯೊಬ್ಬಳು ಒಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದಿದ್ದಳು. ಬಿಡುಗಡೆಯಾದ ಮೇಲೂ ತನ್ನ ದೇಶದಲ್ಲಿ ಬಾಳಲಾಗಲಿಲ್ಲ.

ನ್ಯಾಯಕ್ಕಾಗಿ ಪ್ರಾಣ ತೆತ್ತವರು

ಆಸಿಯಾ ಬೀಬಿಯನ್ನು ಜೈಲಿನಲ್ಲಿ ಕಂಡು, ಕಾನೂನು ಬದಲಾಗಬೇಕೆಂದು ಬಹಿರಂಗವಾಗಿ ಹೇಳಿದವರು ಪಂಜಾಬಿನ ರಾಜ್ಯಪಾಲ ಸಲ್ಮಾನ್ ತಾಸೀರ್. ಅವರು ಮುಸ್ಲಿಮರು. 2011ರ ಜನವರಿ 4ರಂದು ಇಸ್ಲಾಮಾಬಾದಿನಲ್ಲಿ ಅವರ ಅಂಗರಕ್ಷಕನೇ ಅವರನ್ನು ಗುಂಡಿಕ್ಕಿ ಕೊಂದನು. ಹಂತಕನನ್ನು 2016ರಲ್ಲಿ ಗಲ್ಲಿಗೇರಿಸಲಾಯಿತು.

ಎರಡು ತಿಂಗಳ ನಂತರ, 2011ರ ಮಾರ್ಚ್ 2ರಂದು, ಅಲ್ಪಸಂಖ್ಯಾತರ ಖಾತೆಯ ಸಚಿವ ಶಹಬಾಜ್ ಭಟ್ಟಿ ಕೊಲೆಯಾದರು. ಕಪುಚಿನರ ಹಳ್ಳಿಯಾದ ಖುಶ್‌ಪುರದ ಮೂಲದವರಾದ ಈ ಕಥೋಲಿಕ ಶ್ರೀಸಾಮಾನ್ಯರು ಬೆದರಿಕೆಗಳಿದ್ದರೂ ಹಿಂದೆ ಸರಿದಿರಲಿಲ್ಲ. ಕೇಂದ್ರ ಸರಕಾರದ ಹುದ್ದೆಗಳಲ್ಲಿ ಅಲ್ಪಸಂಖ್ಯಾತರಿಗೆ ಶೇಕಡಾ 5 ಮೀಸಲಾತಿಯೂ, ಆಗಸ್ಟ್ 11ರ ಅಲ್ಪಸಂಖ್ಯಾತರ ದಿನವೂ ಅವರ ಅಧಿಕಾರಾವಧಿಯಲ್ಲಿ ಬಂದವು. ಅವರ ಬೈಬಲ್ ಈಗ ರೋಮಿನ ಟೈಬರ್ ದ್ವೀಪದಲ್ಲಿರುವ ಸಂತ ಬಾರ್ತೊಲೊಮೆಯೊ ದೇವಾಲಯದಲ್ಲಿ ಹೊಸ ಕಾಲದ ರಕ್ತಸಾಕ್ಷಿಗಳ ಸ್ಮರಣಿಕೆಗಳೊಂದಿಗೆ ಇದೆ.

ಇದಕ್ಕೂ ಮೊದಲು, ಇಬ್ಬರು ಕ್ರೈಸ್ತರನ್ನು 1995ರಲ್ಲಿ ಬಿಡುಗಡೆ ಮಾಡಿದ್ದ ಲಾಹೋರ್ ಹೈಕೋರ್ಟಿನ ನ್ಯಾಯಮೂರ್ತಿ ಆರಿಫ್ ಇಕ್ಬಾಲ್ ಭಟ್ಟಿ 1997ರಲ್ಲಿ ತಮ್ಮ ಕಚೇರಿಯಲ್ಲೇ ಹತ್ಯೆಯಾಗಿದ್ದರು. ಧರ್ಮನಿಂದನೆ ಆರೋಪಿಯೊಬ್ಬರ ಪರ ವಾದಿಸುತ್ತಿದ್ದ ವಕೀಲ ರಶೀದ್ ರೆಹಮಾನ್ 2014ರಲ್ಲಿ ಮುಲ್ತಾನಿನಲ್ಲಿ ಕೊಲೆಯಾದರು. ಇವರಿಬ್ಬರೂ ಮುಸ್ಲಿಮರು. ಆಸಿಯಾ ಬೀಬಿಯ ಪರ ಸುಪ್ರೀಂ ಕೋರ್ಟಿನಲ್ಲಿ ವಾದಿಸಿ ಗೆದ್ದ ಸೈಫುಲ್ ಮಲೂಕ್ ಕೂಡ ಮುಸ್ಲಿಮರೇ. ಈ ಸಂಗತಿಯನ್ನು ನಮ್ಮ ಯುವಜನರು ಮುಖ್ಯವಾಗಿ ತಿಳಿಯಬೇಕು.

ಫೈಸಲಾಬಾದಿನ ಧರ್ಮಾಧ್ಯಕ್ಷ ಜಾನ್ ಜೋಸೆಫ್ ಅವರ ಸಾವು ಬೇರೆ ಬಗೆಯದು. ಕ್ರೈಸ್ತ ಯುವಕನೊಬ್ಬನಿಗೆ ಮರಣದಂಡನೆ ವಿಧಿಸಿದ್ದನ್ನು ಪ್ರತಿಭಟಿಸಿ 1998ರ ಮೇ 6ರಂದು ಸಾಹಿವಾಲ್ ನ್ಯಾಯಾಲಯದ ಮುಂದೆ ಅವರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ತನ್ನ ಜೀವವನ್ನು ತಾನೇ ತೆಗೆದುಕೊಳ್ಳುವುದನ್ನು ಧರ್ಮಸಭೆ ಒಪ್ಪುವುದಿಲ್ಲ. ಆದರೆ ಮಂದೆಯ ನೋವನ್ನು ಕಂಡು ಕಂಗೆಟ್ಟ ಕುರುಬನ ಹೃದಯವನ್ನು ದೇವರು ಮಾತ್ರ ಬಲ್ಲರು. ಆ ಯುವಕನನ್ನು 2002ರಲ್ಲಿ ಸುಪ್ರೀಂ ಕೋರ್ಟ್ ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಜಾಗದ ತಕರಾರೇ ಆ ದೂರಿನ ಹಿಂದಿತ್ತು.

ಸಾಮೂಹಿಕ ದಾಳಿಗಳು

ಕೆಲವು ಪ್ರಮುಖ ಘಟನೆಗಳನ್ನು ಮಾತ್ರ ಇಲ್ಲಿ ಕೊಡುತ್ತೇವೆ.

1997, ಫೆಬ್ರವರಿ: ಖಾನೇವಾಲ್ ಜಿಲ್ಲೆಯ ಶಾಂತಿನಗರದಲ್ಲಿ ಕುರಾನ್ ಹರಿದರೆಂಬ ವದಂತಿಯ ಮೇಲೆ ಕ್ರೈಸ್ತರ ನೂರಾರು ಮನೆಗಳನ್ನು ಸುಟ್ಟರು.

2001, ಅಕ್ಟೋಬರ್ 28: ಬಹಾವಲ್ಪುರದ ಸಂತ ಡೊಮಿನಿಕ್ ಕಥೋಲಿಕ ಚರ್ಚಿನಲ್ಲಿ ಪ್ರೊಟೆಸ್ಟೆಂಟ್ ಸಹೋದರರು ಪ್ರಾರ್ಥನೆ ನಡೆಸುತ್ತಿದ್ದಾಗ ಬಂದೂಕುಧಾರಿಗಳು ನುಗ್ಗಿದರು. ಸತ್ತವರಲ್ಲಿ ಕಾವಲಿದ್ದ ಮುಸ್ಲಿಮ್ ಪೊಲೀಸರೂ ಒಬ್ಬರು.

2009, ಆಗಸ್ಟ್ 1: ಗೋಜ್ರಾದಲ್ಲಿ ಕನಿಷ್ಠ ಏಳು ಕ್ರೈಸ್ತರು ಬಲಿಯಾದರು, ಮಕ್ಕಳು, ಮಹಿಳೆಯರೂ ಇದ್ದರು.

2013: ಮಾರ್ಚ್ 9ರಂದು ಲಾಹೋರಿನ ಜೋಸೆಫ್ ಕಾಲನಿಯಲ್ಲಿ ನೂರಕ್ಕೂ ಹೆಚ್ಚು ಮನೆಗಳು ಬೆಂಕಿಗೆ ಆಹುತಿಯಾದವು. ಆರೋಪಿ ಯುವಕನಿಗೆ ಮರಣದಂಡನೆಯಾಗಿ, 2020ರಲ್ಲಿ ಹೈಕೋರ್ಟ್ ಆತನನ್ನು ಬಿಡುಗಡೆ ಮಾಡಿತು. ಸೆಪ್ಟೆಂಬರ್ 22ರ ಭಾನುವಾರ ಪೇಶಾವರದ ಆಲ್ ಸೇಂಟ್ಸ್ ಚರ್ಚಿನ ಅಂಗಳದಲ್ಲಿ ಎರಡು ಆತ್ಮಾಹುತಿ ಬಾಂಬುಗಳು ಸಿಡಿದು 80ಕ್ಕೂ ಹೆಚ್ಚು ಮಂದಿ ಮಡಿದರು.

2014, ನವೆಂಬರ್: ಕೋಟ್ ರಾಧಾ ಕಿಶನ್ ಬಳಿ ಇಟ್ಟಿಗೆ ಭಟ್ಟಿಯಲ್ಲಿ ದುಡಿಯುತ್ತಿದ್ದ ಕ್ರೈಸ್ತ ದಂಪತಿಯನ್ನು ಗುಂಪು ಹೊಡೆದು ಸುಟ್ಟುಹಾಕಿತು.

2015, ಮಾರ್ಚ್ 15: ಲಾಹೋರಿನ ಯೂಹಾನಾಬಾದಿನಲ್ಲಿ ಎರಡು ಚರ್ಚುಗಳ ಮೇಲೆ ಆತ್ಮಾಹುತಿ ದಾಳಿ ನಡೆಯಿತು. ಸಂತ ಯೊವಾನ್ನರ ಕಥೋಲಿಕ ಚರ್ಚಿನ ಗೇಟಿನಲ್ಲಿ ಸ್ವಯಂಸೇವಕನಾಗಿ ಕಾವಲಿದ್ದ 20 ವರ್ಷದ ಆಕಾಶ್ ಬಶೀರ್, ಒಳನುಗ್ಗಲು ಬಂದವನನ್ನು ತಬ್ಬಿ ಹಿಡಿದು ನಿಲ್ಲಿಸಿ ತಾನೂ ಸತ್ತನು. ಒಳಗಿದ್ದ ನೂರಾರು ಜನ ಉಳಿದರು. ಡಾನ್ ಬಾಸ್ಕೊ ಸಂಸ್ಥೆಯ ಹಳೆ ವಿದ್ಯಾರ್ಥಿಯಾದ ಆತನನ್ನು 2022ರಲ್ಲಿ 'ದೇವರ ಸೇವಕ' ಎಂದು ಘೋಷಿಸಲಾಯಿತು. ಅದೇ ದಿನ ಸಿಟ್ಟಿಗೆದ್ದ ಗುಂಪೊಂದು ಇಬ್ಬರು ಮುಸ್ಲಿಮರನ್ನು ಬಡಿದು ಕೊಂದಿತು. ಇದನ್ನೂ ನಾವು ಮುಚ್ಚಿಡಬಾರದು. ಆಕಾಶ್ ತೋರಿಸಿದ ದಾರಿ ಅದಲ್ಲ.

2023, ಆಗಸ್ಟ್ 16: ಫೈಸಲಾಬಾದ್ ಧರ್ಮಪ್ರಾಂತ್ಯದ ಜಡಾನ್ವಾಲಾದಲ್ಲಿ ಒಂದೇ ದಿನ 20ಕ್ಕೂ ಹೆಚ್ಚು ಚರ್ಚುಗಳು, 80ಕ್ಕೂ ಹೆಚ್ಚು ಮನೆಗಳು ದಾಳಿಗೊಳಗಾದವು. ಕುಟುಂಬಗಳು ಕಬ್ಬಿನ ಗದ್ದೆಗಳಲ್ಲಿ ರಾತ್ರಿ ಕಳೆದವು. ಸರಕಾರ ಪರಿಹಾರ ನೀಡಿತು. ಆರೋಪ ಹೊತ್ತಿದ್ದ ಇಬ್ಬರು ಸಹೋದರರನ್ನು ವೈಯಕ್ತಿಕ ದ್ವೇಷದಿಂದ ಸಿಲುಕಿಸಲಾಗಿತ್ತೆಂದು ಕಂಡು ನ್ಯಾಯಾಲಯ 2024ರಲ್ಲಿ ಬಿಡುಗಡೆ ಮಾಡಿತು.

ಸುದ್ದಿಯಾಗದ ದೈನಂದಿನ ಕಷ್ಟ

ದಾಳಿಗಳಿಗಿಂತ ಹೆಚ್ಚು ಜನರನ್ನು ತಟ್ಟುವುದು ದಿನನಿತ್ಯದ ಅವಮಾನ. ನಗರಗಳಲ್ಲಿ ಬೀದಿ ಗುಡಿಸುವ, ಚರಂಡಿಗೆ ಇಳಿಯುವ ಕೆಲಸಕ್ಕೆ ಮುಸ್ಲಿಮೇತರರು ಬೇಕೆಂದು ಜಾಹೀರಾತುಗಳೇ ಬರುತ್ತಿದ್ದವು. ಇಟ್ಟಿಗೆ ಭಟ್ಟಿಗಳಲ್ಲಿ ಮುಂಗಡ ಸಾಲಕ್ಕೆ ಸಿಲುಕಿ ಕುಟುಂಬಗಳು ತಲೆಮಾರುಗಟ್ಟಲೆ ದುಡಿಯುತ್ತವೆ. ಒಂದೇ ಲೋಟದಲ್ಲಿ ನೀರು ಕೊಡದ ಮನೆಗಳು, ಹೋಟೆಲುಗಳು ಇನ್ನೂ ಇವೆ. ಇದರಲ್ಲಿ ಧರ್ಮದಷ್ಟೇ ಹಳೆಯ ಜಾತಿಯ ಮೈಲಿಗೆಯೂ ಸೇರಿದೆ ಎಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

ಹೆಣ್ಣುಮಕ್ಕಳ ಅಪಹರಣ, ಬಲವಂತದ ಮತಾಂತರ ಮತ್ತು ವಿವಾಹ ಇನ್ನೊಂದು ದೊಡ್ಡ ನೋವು. ಸಿಂಧ್‌ನಲ್ಲಿ ಹಿಂದೂ ಹುಡುಗಿಯರೂ ಇದಕ್ಕೆ ಬಲಿಯಾಗುತ್ತಿದ್ದಾರೆ. 2020ರಲ್ಲಿ ಕರಾಚಿಯ 13 ವರ್ಷದ ಕಥೋಲಿಕ ಹುಡುಗಿಯನ್ನು 44 ವರ್ಷದ ನೆರೆಮನೆಯವನು ಮದುವೆಯಾದನೆಂಬ ಪ್ರಕರಣದಲ್ಲಿ ಹೈಕೋರ್ಟ್ ಮೊದಲು ಮದುವೆಯನ್ನು ತಡೆಯಲಿಲ್ಲ. ಕಾರ್ಡಿನಲ್ ಕೂಟ್ಸ್ ಸಹಿತ ಅನೇಕರು ದನಿಯೆತ್ತಿದ ಮೇಲೆ ವೈದ್ಯಕೀಯ ಪರೀಕ್ಷೆಯಲ್ಲಿ ಆಕೆ ಅಪ್ರಾಪ್ತ ವಯಸ್ಸಿನವಳೆಂದು ಸಾಬೀತಾಯಿತು. 2021ರ ಕೊನೆಯಲ್ಲಿ ಆಕೆ ಹೆತ್ತವರ ಮನೆಗೆ ಮರಳಿದಳು. ಬಲವಂತದ ಮತಾಂತರದ ವಿರುದ್ಧ ಸಿಂಧ್ ವಿಧಾನಸಭೆ 2016ರಲ್ಲಿ ಅಂಗೀಕರಿಸಿದ ಮಸೂದೆಗೆ ರಾಜ್ಯಪಾಲರ ಅಂಕಿತ ಸಿಗಲಿಲ್ಲ. 2021ರಲ್ಲಿ ಇಂತಹುದೇ ಇನ್ನೊಂದು ಮಸೂದೆಯನ್ನು ಸಂಸತ್ತಿನ ಸಮಿತಿ ತಿರಸ್ಕರಿಸಿತು.

ಅಲ್ಲಿನ ಧರ್ಮಸಭೆಯ ನಿಲುವು

ಪಾಕಿಸ್ತಾನದ ಧರ್ಮಾಧ್ಯಕ್ಷರ ಮಂಡಳಿ 1985ರಲ್ಲಿ ಸ್ಥಾಪಿಸಿದ ನ್ಯಾಯ ಮತ್ತು ಶಾಂತಿಯ ರಾಷ್ಟ್ರೀಯ ಆಯೋಗ ಧರ್ಮಭೇದವಿಲ್ಲದೆ ಆರೋಪಿಗಳಿಗೆ ಕಾನೂನು ನೆರವು ನೀಡುತ್ತದೆ, ಪ್ರಕರಣಗಳನ್ನು ದಾಖಲಿಸುತ್ತದೆ. ಕಾನೂನಿನ ದುರುಪಯೋಗ ನಿಲ್ಲಬೇಕು, ಸುಳ್ಳು ದೂರುದಾರರಿಗೆ ಶಿಕ್ಷೆಯಾಗಬೇಕು, ದಾಳಿಕೋರರನ್ನು ನ್ಯಾಯಾಲಯಕ್ಕೆ ತರಬೇಕು ಎಂಬುದು ಅಲ್ಲಿನ ಧರ್ಮಸಭೆಯ ಕೋರಿಕೆ. ಪೇಶಾವರ ದಾಳಿಯ ನಂತರ ಮುಖ್ಯ ನ್ಯಾಯಮೂರ್ತಿ ತಸದ್ದುಕ್ ಹುಸೇನ್ ಜಿಲಾನಿ 2014ರ ಜೂನ್ 19ರಂದು ನೀಡಿದ ತೀರ್ಪು ಆರಾಧನಾಲಯಗಳ ರಕ್ಷಣೆಗೆ ವಿಶೇಷ ಪೊಲೀಸ್ ಪಡೆಯನ್ನೂ, ಅಲ್ಪಸಂಖ್ಯಾತರ ಹಕ್ಕುಗಳ ರಾಷ್ಟ್ರೀಯ ಮಂಡಳಿಯನ್ನೂ ಸೂಚಿಸಿತು. ಕ್ರೈಸ್ತರು ಇಂದಿಗೂ ಆ ತೀರ್ಪನ್ನೇ ಆಧಾರವಾಗಿಟ್ಟುಕೊಂಡು ಕೇಳುತ್ತಿದ್ದಾರೆ.

ವಿಶ್ವಾಸದ ಜೀವನ ನಿಂತಿಲ್ಲ. ನಾವಿಲ್ಲಿ ಮೊಂತಿ ಫೆಸ್ತ್ ಆಚರಿಸಿ ಹೊಸಕ್ಕಿ ಊಟ ಮಾಡುವ ಸೆಪ್ಟೆಂಬರಿನ ಅದೇ ದಿನಗಳಲ್ಲಿ ಪಂಜಾಬಿನ ಸಾವಿರಾರು ಭಕ್ತರು ಮರಿಯಮಾಬಾದಿನ ಮಾತೆಯ ಪುಣ್ಯಕ್ಷೇತ್ರಕ್ಕೆ ಕಾಲ್ನಡಿಗೆಯಲ್ಲಿ, ಸೈಕಲ್ಲಿನಲ್ಲಿ ಬರುತ್ತಾರೆ. ಹರಕೆ ಹೊತ್ತ ಮುಸ್ಲಿಮರೂ ಅವರ ಜೊತೆಗಿರುತ್ತಾರೆ.

ನಾವೇನು ಮಾಡಬಹುದು?

ಮೊದಲನೆಯದಾಗಿ, ಹೆಸರು ಹಿಡಿದು ಪ್ರಾರ್ಥಿಸೋಣ. ಮಾರ್ಚ್ 2ರಂದು ಶಹಬಾಜ್ ಭಟ್ಟಿಯವರನ್ನೂ, ಮಾರ್ಚ್ 15ರಂದು ಆಕಾಶ್ ಬಶೀರನನ್ನೂ ವಾಳೆಯ ಪ್ರಾರ್ಥನೆಯಲ್ಲಿ ನೆನೆಯಬಹುದು. ಸಲ್ಮಾನ್ ತಾಸೀರರನ್ನೂ ಮರೆಯದಿರೋಣ.

ಎರಡನೆಯದಾಗಿ, ಸುದ್ದಿಯನ್ನು ಪರೀಕ್ಷಿಸದೆ ಮುಂದಕ್ಕೆ ಕಳುಹಿಸಬಾರದು. ಮೊಬೈಲಿನಲ್ಲಿ ಬರುವ ಎಷ್ಟೋ ಚಿತ್ರಗಳು ಬೇರೆ ದೇಶದ, ಬೇರೆ ವರ್ಷದವು. ಒಂದು ವದಂತಿ ಏನು ಮಾಡಬಲ್ಲದೆಂಬುದಕ್ಕೆ ಶಾಂತಿನಗರ, ಜಡಾನ್ವಾಲಾಗಳೇ ಸಾಕ್ಷಿ. ಅದೇ ವದಂತಿಯ ರೋಗವನ್ನು ನಾವು ಹರಡಿದರೆ ಅವರ ನೋವಿಗೆ ಬೆಲೆ ಕೊಟ್ಟಂತಾಗುವುದಿಲ್ಲ.

ಮೂರನೆಯದಾಗಿ, ಅಲ್ಲಿನವರ ಕಷ್ಟವನ್ನು ಇಲ್ಲಿನ ನೆರೆಯವರ ಮೇಲೆ ಸಿಟ್ಟು ತೀರಿಸಿಕೊಳ್ಳಲು ಬಳಸಬಾರದು. 2008ರ ಸೆಪ್ಟೆಂಬರಿನಲ್ಲಿ ನಮ್ಮದೇ ಕರಾವಳಿಯ ಚರ್ಚು, ಪ್ರಾರ್ಥನಾಲಯಗಳ ಮೇಲೆ ದಾಳಿಯಾದಾಗ ಮುರಿದ ಶಿಲುಬೆಯ ಮುಂದೆ ನಿಲ್ಲುವ ನೋವು ಏನೆಂದು ನಾವು ಕಂಡಿದ್ದೇವೆ. ಒಂದು ಸಮುದಾಯವನ್ನಿಡೀ ಕೆಲವರ ಕೃತ್ಯಕ್ಕೆ ಹೊಣೆಯಾಗಿಸುವುದೇ ಲಾಹೋರಿನಲ್ಲಿಯೂ ಗೋಜ್ರಾದಲ್ಲಿಯೂ ನಡೆದ ಅನ್ಯಾಯ. ನೆರೆಮನೆಯ ಮುಸ್ಲಿಮ್ ಕುಟುಂಬದೊಡನೆ ಹಬ್ಬದ ತಿಂಡಿ ಹಂಚಿಕೊಳ್ಳುವ ನಮ್ಮ ಊರಿನ ರೂಢಿ ಮುಂದುವರಿಯಲಿ. ಪಾಕಿಸ್ತಾನದ ಕ್ರೈಸ್ತರು ತಮ್ಮ ನೆರೆಯವರಿಂದ ಬಯಸುವುದೂ ಅಷ್ಟನ್ನೇ.